ವಿದ್ಯುಚ್ಛಕ್ತಿಗೂ ಕಣಜ ಬೇಕು

ಕೊಳವೆ ಬಾವಿಯನ್ನು ನಂಬಿ ಬೇಸಾಯ ಮಾಡುವ ರೈತನಿಗೆ ರಾತ್ರಿ ಪಾಳಿಯ ಕಷ್ಟವನ್ನು ಬೇರೆಯವರು ತಿಳಿಸಿ ಹೇಳಬೇಕಾಗಿಲ್ಲ. ಮೂರು ಫೇಸಿನ ವಿದ್ಯುತ್ತು ನಡುರಾತ್ರಿ ಬರುತ್ತದೆಂದು ಟಾರ್ಚು ಹಿಡಿದು ಹೊಲಕ್ಕೆ ಹೋಗುವುದು, ಹಾವು ಚೇಳುಗಳ ಭಯ, ಕಾಡಂಚಿನ ಊರಾದರೆ ಆನೆ ಕರಡಿಗಳ ಭಯ, ಕತ್ತಲಲ್ಲಿ ಬದು ಒಡೆದು ನೀರು ಪಕ್ಕದ ಹೊಲಕ್ಕೆ ಹರಿದರೂ ಕಾಣದಿರುವುದು, ಇವೆಲ್ಲ ದಶಕಗಳ ಅನುಭವ. ಈಚಿನ ವರ್ಷಗಳಲ್ಲಿ ರಾಜ್ಯದ ಅನೇಕ ಕಡೆ ಈ ಪಾಳಿ ಹಗಲಿಗೆ ತಿರುಗಿದೆ. ಇನ್ನು ಕೆಲವು ಕಡೆ ಹಗಲು ಇಷ್ಟು ತಾಸು, ರಾತ್ರಿ ಇಷ್ಟು ತಾಸು ಎಂಬ ಹಂಚಿಕೆ ಉಳಿದುಕೊಂಡಿದೆ. ಯಾರೋ ಅಧಿಕಾರಿಯ ಮನಸ್ಸು ಕರಗಿದ್ದರಿಂದ ಆದ ಬದಲಾವಣೆ ಇದಲ್ಲ. ವಿದ್ಯುತ್ತು ಹೇರಳವಾಗಿ ಹುಟ್ಟುವ ಹೊತ್ತೇ ಬದಲಾಗಿದೆ. ಏಕೆ ಬದಲಾಯಿತು, ಅದರಿಂದ ರೈತರಿಗೆ ದೊರೆಯುವುದೇನು, ಎಚ್ಚರಿಕೆ ಎಲ್ಲಿ ಬೇಕು ಎಂಬುದನ್ನು ತಿಳಿದುಕೊಂಡರೆ ಪಂಪ್‌ಸೆಟ್ಟಿನ ಬಳಕೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಕೂಡಿಡಲಾಗದ ಫಸಲು

ರಾಗಿಯನ್ನು ಹಗೇವಿನಲ್ಲಿ ಹಾಕಿದರೆ ವರ್ಷಗಟ್ಟಲೆ ಕೆಡದು. ಹಾಲನ್ನು ಅರ್ಧ ದಿನ ಇಡಬಹುದು. ವಿದ್ಯುತ್ತನ್ನು ಮಾತ್ರ ತಂತಿಯಲ್ಲಿ ಒಂದು ಕ್ಷಣವೂ ಇಡುವಂತಿಲ್ಲ. ರಾಯಚೂರಿನಲ್ಲಾಗಲಿ, ಜೋಗದ ಬಳಿಯಲ್ಲಾಗಲಿ ಈ ಗಳಿಗೆ ಹುಟ್ಟಿದ್ದು ಈ ಗಳಿಗೆಯೇ ಯಾರದಾದರೂ ಮೋಟಾರಿನಲ್ಲೋ ದೀಪದಲ್ಲೋ ಖರ್ಚಾಗಬೇಕು.

ದೇಶದ ವಿದ್ಯುತ್ ಜಾಲವನ್ನು ಜಾತ್ರೆಯ ತೇರಿಗೆ ಹೋಲಿಸಬಹುದು. ನೂರಾರು ಜನ ಒಂದೇ ಮಿಣಿಯನ್ನು ಹಿಡಿದು ಎಳೆಯುತ್ತಾರೆ. ಏರು ಬಂದಾಗ ಎಳೆತ ಹೆಚ್ಚಬೇಕು, ಇಳಿಜಾರು ಬಂದಾಗ ತಗ್ಗಬೇಕು. ಇಲ್ಲವಾದರೆ ತೇರಿನ ವೇಗ ಕೆಡುತ್ತದೆ. ಅದೇ ರೀತಿ ಜಾಲಕ್ಕೆ ಸೇರಿದ ಉಷ್ಣ ಮತ್ತು ಜಲ ವಿದ್ಯುದಾಗಾರಗಳ ಜನರೇಟರುಗಳೆಲ್ಲ ಸೆಕೆಂಡಿಗೆ 50 ಆವರ್ತಗಳ ಒಂದೇ ಲಯದಲ್ಲಿ ನಡೆಯುತ್ತವೆ. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಸಾಲದಾದರೆ ಲಯ 50ಕ್ಕಿಂತ ಕೆಳಗಿಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಮೇಲೇರುತ್ತದೆ. ನಮ್ಮ ದೇಶದಲ್ಲಿ 49.90ರಿಂದ 50.05ರವರೆಗೆ ಮಾತ್ರ ಇದು ಆಚೀಚೆಯಾಗಬಹುದೆಂಬ ನಿಯಮವಿದೆ. ದಕ್ಷಿಣ ಭಾರತದ ಜಾಲ ಹಿಂದೆ ಬೇರೆ ಲಯದಲ್ಲಿ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ಅದು ಉಳಿದ ದೇಶದ ಜಾಲಕ್ಕೆ ಕೂಡಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ತೇರು.

ತೂಕ ತಪ್ಪಿದರೆ ಏನಾಗುತ್ತದೆ ಎಂಬುದು 2012ರ ಜುಲೈ 30 ಮತ್ತು 31ರಂದು ಕಂಡಿತು. ಎರಡನೆಯ ದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಜಾಲಗಳು ಒಟ್ಟಿಗೆ ಕುಸಿದು ಸುಮಾರು 60 ಕೋಟಿ ಜನರಿಗೆ ವಿದ್ಯುತ್ ಇಲ್ಲವಾಯಿತು. ತೂಕ ಉಳಿಸಿಕೊಳ್ಳುವುದು ಹೇಗೆ ಎಂಬುದಕ್ಕೂ ಒಂದು ಉದಾಹರಣೆಯಿದೆ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೇಶದಾದ್ಯಂತ ಜನರು ಒಂಬತ್ತು ನಿಮಿಷ ದೀಪ ಆರಿಸಿದರು. ಬೇಡಿಕೆ ಒಮ್ಮೆಗೇ ಸುಮಾರು 31 ಸಾವಿರ ಮೆಗಾವಾಟಿನಷ್ಟು ಕುಸಿದು, ಮತ್ತೆ ಏರಿತು. ಜಾಲ ಕೆಡಲಿಲ್ಲ. ಕೆಲವೇ ನಿಮಿಷಗಳಲ್ಲಿ ದೇಶದ ಜಲ ವಿದ್ಯುತ್ ಯಂತ್ರಗಳನ್ನು ಸುಮಾರು 17 ಸಾವಿರ ಮೆಗಾವಾಟಿನಷ್ಟು ತಗ್ಗಿಸಿ ಪುನಃ ಏರಿಸಿದ್ದು ಇದಕ್ಕೆ ಮುಖ್ಯ ಕಾರಣ. ಕಲ್ಲಿದ್ದಲಿನ ಯಂತ್ರಕ್ಕೆ ಈ ಚುರುಕುತನವಿಲ್ಲ. ಆರಿದ ಒಲೆಯನ್ನು ಹೊತ್ತಿಸಿ ಬಾಯ್ಲರನ್ನು ಕಾಯಿಸಲು ಗಂಟೆಗಟ್ಟಲೆ ಬೇಕು. ಉರಿಯುತ್ತಿರುವಾಗಲೂ ಅದನ್ನು ಸಾಮರ್ಥ್ಯದ ಶೇಕಡಾ 55ಕ್ಕಿಂತ ಕೆಳಗಿಳಿಸುವುದು ಕಷ್ಟ. ಜಲಾಶಯದಲ್ಲಾದರೆ ತೂಬು ತೆರೆದರೆ ವಿದ್ಯುತ್ತು, ಮುಚ್ಚಿದರೆ ಉಳಿತಾಯ.

ಬಿಸಿಲಿನ ಹೊತ್ತು, ಗಾಳಿಯ ಕಾಲ

ಬಿಸಿಲು ಮತ್ತು ಗಾಳಿಗೆ ತೂಬಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2050 ಮೆಗಾವಾಟಿನ ಸೌರ ವಿದ್ಯುತ್ ಉದ್ಯಾನವಿದೆ. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದ ಹಿಡುವಳಿದಾರನಿಗೆ ವರ್ಷ ವರ್ಷ ನಿಶ್ಚಿತ ಹಣ ಬರುವುದು ಸಣ್ಣ ಮಾತಲ್ಲ. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದವರಿಗೆ ಆ ಗುತ್ತಿಗೆಯ ಪಾಲಿಲ್ಲ ಎಂಬುದನ್ನೂ ಮರೆಯಬಾರದು.

ಈ ಫಲಕಗಳು ಬೆಳಗ್ಗೆ ನಿಧಾನವಾಗಿ ಎದ್ದು, ನಡು ಮಧ್ಯಾಹ್ನ ತುಂಬು ಫಸಲು ಕೊಟ್ಟು, ಸಂಜೆ ಆರರ ಹೊತ್ತಿಗೆ ಬರಿದಾಗುತ್ತವೆ. ಒಂದು ಮೆಗಾವಾಟಿನ ಯಂತ್ರ ಬಿಡುವಿಲ್ಲದೆ ನಡೆದರೆ ದಿನಕ್ಕೆ 24 ಸಾವಿರ ಯೂನಿಟ್ ಕೊಡಬೇಕು. ಒಂದು ಮೆಗಾವಾಟಿನ ಸೌರ ಫಲಕಗಳು ನಮ್ಮ ಬಯಲು ಸೀಮೆಯಲ್ಲಿ ವರ್ಷದ ಸರಾಸರಿಯಲ್ಲಿ ಕೊಡುವುದು ದಿನಕ್ಕೆ ಸುಮಾರು 4200 ಯೂನಿಟ್. ಮೆಗಾವಾಟು ಬೇರೆ, ಯೂನಿಟ್ಟು ಬೇರೆ ಎಂಬ ಈ ಭೇದ ಪತ್ರಿಕೆಗಳ ಸುದ್ದಿಯಲ್ಲಿ ಅನೇಕ ವೇಳೆ ಮಸುಕಾಗುತ್ತದೆ. 2025ರ ಮಧ್ಯದ ವೇಳೆಗೆ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳನ್ನು ಬಿಟ್ಟ ಮೂಲಗಳದ್ದಾಯಿತು. ಆದರೂ ವಾಸ್ತವವಾಗಿ ಖರ್ಚಾಗುವ ಯೂನಿಟ್ಟುಗಳಲ್ಲಿ ಬಹುಪಾಲು ಇನ್ನೂ ಕಲ್ಲಿದ್ದಲಿನದೇ.

ಗಾಳಿಯದು ಬೇರೆ ಸ್ವಭಾವ. ಗದಗದ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಿಗೆ ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮುಂಗಾರೇ ಸುಗ್ಗಿ. ಆಗ ಮೋಡ ಕವಿದು ಬಿಸಿಲು ಕಡಿಮೆ. ಗಾಳಿಯಾದರೋ ರಾತ್ರಿಯೂ ಬೀಸುತ್ತದೆ. ಹೀಗೆ ಬಿಸಿಲಿಗೆ ಗಾಳಿ ಒಳ್ಳೆಯ ಮಿಶ್ರ ಬೆಳೆ. ತೊಗರಿಯೂ ರಾಗಿಯೂ ಒಂದೇ ಹೊಲದಲ್ಲಿದ್ದರೆ ಒಂದು ಸೋತಾಗ ಇನ್ನೊಂದು ಕೈಹಿಡಿಯುವಂತೆ, ಎರಡೂ ಇರುವ ರಾಜ್ಯಕ್ಕೆ ಭರವಸೆ ಹೆಚ್ಚು. ಆದರೆ ಮಿಶ್ರ ಬೆಳೆಯಿಂದ ಕಣಜದ ಕೆಲಸವಾಗುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಡೆದು ರಾಜ್ಯದ ಬೇಡಿಕೆ ಉತ್ತುಂಗಕ್ಕೇರುವಾಗ ಗಾಳಿ ಮಂದವಾಗಿರುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಪಟ್ಟಣಗಳ ದೀಪ, ಫ್ಯಾನು, ಮಿಕ್ಸರುಗಳೆಲ್ಲ ಎಚ್ಚೆತ್ತಾಗ ಸೂರ್ಯನಿಲ್ಲ. ಹಗಲು ಹೆಚ್ಚಾಗಿ ಚೆಲ್ಲಿಹೋಗುವುದನ್ನು ಸಂಜೆಗೆ ಎತ್ತಿಡುವುದು ಹೇಗೆ ಎಂಬುದೇ ಇಂದು ಜಾಲದ ಮುಂದಿರುವ ಪ್ರಶ್ನೆ.

ನೀರೇ ಹಳೆಯ ಕಣಜ

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದಂದಿನಿಂದ ಈ ನಾಡಿಗೆ ನೀರಿನ ವಿದ್ಯುತ್ತಿನ ಪರಿಚಯವಿದೆ. ಸಾವಿರ ಲೀಟರ್ ನೀರು 367 ಮೀಟರ್ ಎತ್ತರದಿಂದ ಇಳಿದರೆ, ನಷ್ಟವೇನೂ ಇಲ್ಲವೆಂದಿಟ್ಟುಕೊಂಡಲ್ಲಿ, ಒಂದು ಯೂನಿಟ್ ವಿದ್ಯುತ್ತಾಗುತ್ತದೆ. ಲಿಂಗನಮಕ್ಕಿ ತುಂಬಿದಾಗ ಅದರಲ್ಲಿ ನಿಲ್ಲುವುದು ಸುಮಾರು 151 ಟಿಎಂಸಿ ನೀರು. ಘಟ್ಟದ ಬುಡದಲ್ಲಿರುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ಹಗಲು ಪಾವಗಡದ ಬಿಸಿಲು ಜಾಲವನ್ನು ತುಂಬುತ್ತಿರುವಾಗ ಶರಾವತಿಯ ಯಂತ್ರಗಳನ್ನು ತಗ್ಗಿಸಿದರೆ ಅಷ್ಟು ನೀರು ಜಲಾಶಯದಲ್ಲೇ ಉಳಿಯುತ್ತದೆ. ಸಂಜೆ ಅದನ್ನೇ ಇಳಿಸಬಹುದು. ಪಾವಗಡದ ಬಿಸಿಲು ಲಿಂಗನಮಕ್ಕಿಯ ನೀರಾಗಿ ನಿಂತಂತಾಯಿತು. ಇದಕ್ಕೆ ಹೊಸ ಯಂತ್ರವೇ ಬೇಕಿಲ್ಲ.

ಎಲ್ಲ ಅಣೆಕಟ್ಟುಗಳಿಗೂ ಈ ಸ್ವಾತಂತ್ರ್ಯವಿಲ್ಲ. ತುಂಗಭದ್ರಾ, ಆಲಮಟ್ಟಿಗಳಲ್ಲಿ ನಾಲೆಗೆ ನೀರು ಬಿಡುವ ವೇಳಾಪಟ್ಟಿಯೇ ಮೊದಲು, ವಿದ್ಯುತ್ತು ಅದರ ಹಿಂದೆ. ಭತ್ತದ ಗದ್ದೆಗೆ ನೀರು ಬೇಕಾದಾಗ ಸಂಜೆಯವರೆಗೆ ಕಾಯಿರೆನ್ನಲಾಗದು.

ಇನ್ನೊಂದು ವಿಧಾನ ಪಂಪ್ಡ್ ಸ್ಟೋರೇಜ್. ಮೇಲೊಂದು, ಕೆಳಗೊಂದು ಜಲಾಶಯ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಸಂಜೆ ಅದೇ ನೀರನ್ನು ಇಳಿಸಿ ವಿದ್ಯುತ್ ಪಡೆಯುವುದು. ನೂರು ಯೂನಿಟ್ ಖರ್ಚು ಮಾಡಿದರೆ 75ರಿಂದ 80 ಯೂನಿಟ್ ಮರಳುತ್ತದೆ. ಉಳಿದದ್ದು ಧಾನ್ಯ ಕೂಡಿಟ್ಟಾಗ ಹುಳು ಇಲಿಗಳಿಗೆ ಹೋಗುವ ಪಾಲಿನಂತೆ. ತಮಿಳುನಾಡಿನ ಕಡಂಪಾರೈಯಲ್ಲಿ 400 ಮೆಗಾವಾಟಿನ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 900 ಮೆಗಾವಾಟಿನ ಇಂತಹ ಯೋಜನೆಗಳಿವೆ. ನಮ್ಮಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವಾಟಿನ ಯೋಜನೆಯನ್ನು ಪ್ರಸ್ತಾಪಿಸಲಾಗಿದೆ. ಜಲಾಶಯಗಳು ಸಿದ್ಧವಾಗಿಯೇ ಇವೆ ಎಂಬುದು ಅದರ ಪರವಾದ ವಾದ. ಸುರಂಗ, ರಸ್ತೆ, ತಂತಿ ಮಾರ್ಗಗಳು ಸಿಂಗಳೀಕ ಅಭಯಾರಣ್ಯದ ಕಾಡನ್ನು ಹಾಯುತ್ತವೆ, ಘಟ್ಟದ ಮಣ್ಣು ಕುಸಿಯುವ ಭಯವಿದೆ ಎಂಬುದು ವಿರೋಧಿಗಳ ವಾದ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ಮಠ ಕಳೆದುಕೊಂಡವರ ಭೂಮಿಯ ಹಕ್ಕಿನ ಪ್ರಶ್ನೆ ಆರು ದಶಕಗಳಾದರೂ ಪೂರ್ತಿ ಬಗೆಹರಿದಿಲ್ಲವಾದ್ದರಿಂದ, ಆ ಭಾಗದ ಜನ ಹೊಸ ಯೋಜನೆಯೆಂದರೆ ಸಂಶಯದಿಂದ ನೋಡುವುದು ಸಹಜ. ಕಣಜ ಬೇಕು ನಿಜ, ಅದನ್ನು ಯಾರ ಅಂಗಳದಲ್ಲಿ ತೋಡಬೇಕೆಂಬುದನ್ನು ಕೇಳದೆ ತೋಡುವುದು ಸರಿಯಲ್ಲ.

ಲಿಥಿಯಂ ಬ್ಯಾಟರಿಗಳು ಮೂರನೆಯ ದಾರಿ. ಇವುಗಳಲ್ಲಿ ನೂರಕ್ಕೆ 85ರಿಂದ 90 ಯೂನಿಟ್ ಮರಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ವಿದ್ಯುತ್ ಕೊಡಬಲ್ಲವು. ಕಾಡು ಮುಳುಗಿಸಬೇಕಿಲ್ಲ. ಬೆಲೆಯೂ ಈ ಹತ್ತು ವರ್ಷಗಳಲ್ಲಿ ಬಹಳ ಇಳಿದಿದೆ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಸೋಲುತ್ತವೆ, ಎರಡು ನಾಲ್ಕು ಗಂಟೆಗಳ ಕೊರತೆಯನ್ನು ತುಂಬಲು ಮಾತ್ರ ಲಾಭದಾಯಕ. ಸಂಜೆಯ ಹಸಿವಿಗೆ ಬ್ಯಾಟರಿ ಸಾಕು, ಬರಗಾಲಕ್ಕೆ ಸಾಲದು.

ಕೈಗಡದ ವಿದ್ಯುತ್ತು

ಬರಗಾಲದ ಮಾತು ಬಂದಾಗ 2023ನ್ನು ನೆನೆಯಬೇಕು. ಆ ವರ್ಷ ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಮಳೆಯಿಲ್ಲದ್ದರಿಂದ ಅಕ್ಟೋಬರಿನಲ್ಲೇ ಪಂಪ್‌ಸೆಟ್ಟುಗಳು ಬೇಸಿಗೆಯಂತೆ ನಡೆದವು. ಕಣಜ ಬರಿದು, ಉಣ್ಣುವ ಬಾಯಿ ಹೆಚ್ಚು. ಪಂಪ್‌ಸೆಟ್ಟಿನ ಏಳು ತಾಸಿನ ಸರಬರಾಜು ಐದು ತಾಸಿಗೆ ಇಳಿದು, ಎಷ್ಟೋ ಕಡೆ ನಿಂತ ಬೆಳೆ ಬಾಡಿತು. ಪುನಃ ಏಳು ತಾಸಾದದ್ದು ನವೆಂಬರಿನಲ್ಲಿ.

ಆ ಸಂಕಟದಲ್ಲಿ ರಾಜ್ಯವು ಪಂಜಾಬು ಮತ್ತು ಉತ್ತರ ಪ್ರದೇಶಗಳಿಂದ ವಿದ್ಯುತ್ತನ್ನು ಹಣಕ್ಕೆ ಕೊಳ್ಳದೆ ಕೈಗಡವಾಗಿ ಪಡೆಯುವ ಏರ್ಪಾಡು ಮಾಡಿಕೊಂಡಿತು. ಬೇಸಿಗೆಯವರೆಗೆ ಪಡೆದು, ಮುಂದಿನ ಮಳೆಗಾಲದಲ್ಲಿ ಹಿಂತಿರುಗಿಸುವ ಕರಾರು ಅದು. ಇದರ ಹಿಂದೆ ಬೇಸಾಯದ ಲೆಕ್ಕವೇ ಇದೆ. ಪಂಜಾಬಿನಲ್ಲಿ ಭತ್ತದ ನಾಟಿ ಜೂನಿನಲ್ಲಿ. ಅಲ್ಲಿಂದ ಸೆಪ್ಟೆಂಬರಿನವರೆಗೆ ಅಲ್ಲಿನ ಕೊಳವೆ ಬಾವಿಗಳು ವಿದ್ಯುತ್ತಿಗಾಗಿ ಬಾಯ್ಬಿಡುತ್ತವೆ. ಚಳಿಗಾಲದಲ್ಲಿ ಗೋಧಿಗೆ ಅಷ್ಟು ನೀರು ಬೇಡ. ನಮ್ಮಲ್ಲಿ ಇದರ ತಿರುವು ಮುರುವು: ಮುಂಗಾರಿನಲ್ಲಿ ಗಾಳಿ ಬೀಸಿ ನದಿ ತುಂಬುತ್ತದೆ, ಪಂಪು ವಿರಮಿಸುತ್ತದೆ. ಅವರ ಸುಗ್ಗಿ ನಮ್ಮ ಬರ, ನಮ್ಮ ಸುಗ್ಗಿ ಅವರ ಬರ. ದೇಶಕ್ಕೆಲ್ಲ ಒಂದೇ ಜಾಲವಿರುವುದರ ದೊಡ್ಡ ಲಾಭ ಇದು. ಋತುವಿನಿಂದ ಋತುವಿಗೆ ವಿದ್ಯುತ್ತನ್ನು ದಾಟಿಸಬಲ್ಲ ಬ್ಯಾಟರಿ ಇಂದಿಗೂ ಇಲ್ಲ. ಒಬ್ಬರ ಹೆಚ್ಚುವರಿಯನ್ನು ಇನ್ನೊಬ್ಬರಿಗೆ ಕೊಟ್ಟು ಹಿಂದೆ ಪಡೆಯುವುದೇ ಆ ಕೆಲಸ ಮಾಡುತ್ತದೆ.

ಹೊಲದ ಮಣ್ಣೂ ಒಂದು ಕಣಜ

ದೀಪಕ್ಕೆ ಸಂಜೆಯೇ ವಿದ್ಯುತ್ ಬೇಕು, ಗಿರಣಿಗೆ ಗಿರಾಕಿ ಬಂದಾಗ ಬೇಕು. ಬೆಳೆಗೆ ಹಾಗಲ್ಲ. ಬೇರು ನೀರು ಕುಡಿಯುವುದು ಮಣ್ಣಿನಿಂದ, ಪೈಪಿನಿಂದಲ್ಲ. ಬೇರಿನ ವಲಯದಲ್ಲಿ ತೇವವಿರುವವರೆಗೆ ಆ ನೀರನ್ನು ಎತ್ತಿದ್ದು ಮಧ್ಯಾಹ್ನವೋ ಮಧ್ಯರಾತ್ರಿಯೋ ಎಂಬುದು ಬೆಳೆಗೆ ತಿಳಿಯದು.

ಕಪ್ಪು ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ದೊರಕುವಂತಹ ನೀರನ್ನು ಸುಮಾರು 180 ಮಿಲಿಮೀಟರಿನಷ್ಟು ಹಿಡಿದಿಡಬಲ್ಲದು. ಕೆಂಪು ಮರಳುಮಿಶ್ರಿತ ಗೋಡು ಸುಮಾರು 100 ಮಿಲಿಮೀಟರ್. ಬೇರು 60 ಸೆಂಟಿಮೀಟರ್ ಇಳಿಯುವ ಬೆಳೆಯೊಂದು ದಿನಕ್ಕೆ 5 ಮಿಲಿಮೀಟರ್ ನೀರು ಬಳಸುತ್ತದೆನ್ನೋಣ. ಹಿಡಿದಿಟ್ಟ ನೀರಿನಲ್ಲಿ ಅರ್ಧ ಮುಗಿದಾಗ ಪುನಃ ಹಾಯಿಸಬೇಕೆಂದರೆ ಕಪ್ಪು ಮಣ್ಣಿನಲ್ಲಿ ಹತ್ತು ದಿನ, ಕೆಂಪು ಮಣ್ಣಿನಲ್ಲಿ ಆರು ದಿನ ಕಾಯಬಹುದು. ಬೇರು ಮೇಲೆಯೇ ಇರುವ ಈರುಳ್ಳಿಗೆ ಕೆಂಪು ಮಣ್ಣಿನಲ್ಲಿ ಮೂರು ದಿನ ಮಾತ್ರ. ಜಾಲದ ದೃಷ್ಟಿಯಿಂದ ನೋಡಿದರೆ ಇದು ಪುಕ್ಕಟೆ ಕಣಜ. ಬಿಸಿಲಿದ್ದಾಗ ನೀರೆತ್ತಿ ಮಣ್ಣಿಗೆ ತುಂಬಿದರೆ, ಮೋಡದ ದಿನ ಪಂಪು ಸುಮ್ಮನಿದ್ದರೂ ಬೆಳೆ ಸೊರಗದು. ಬ್ಯಾಟರಿಗೆ ಕೋಟಿಗಟ್ಟಲೆ ಸುರಿದು ಮಾಡಬೇಕಾದ ಕೆಲಸದ ಒಂದು ಭಾಗವನ್ನು ಪಂಪ್‌ಸೆಟ್ಟಿನ ರೈತ ಹಗಲು ನೀರು ಹಾಯಿಸುವುದರಿಂದಲೇ ಮಾಡಿದಂತಾಗುತ್ತದೆ. ಪಂಪ್‌ಸೆಟ್ಟುಗಳು ವಿದ್ಯುತ್ ವ್ಯವಸ್ಥೆಗೆ ಬರೀ ಹೊರೆ ಎಂದು ಪಟ್ಟಣಗಳಲ್ಲಿ ಕೇಳಿಬರುವ ಮಾತಿಗೆ ಇದೂ ಒಂದು ಉತ್ತರ.

ಹಳ್ಳಿಯ ಮನೆಗಳ ಮಾರ್ಗವನ್ನೂ ಪಂಪ್‌ಸೆಟ್ಟುಗಳ ಮಾರ್ಗವನ್ನೂ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಇದಕ್ಕೆ ಹಾದಿ ಮಾಡಿತು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ ಒಂದು ಭಾಗದಲ್ಲಿ ಪಂಪ್‌ಸೆಟ್ಟುಗಳ ಫೀಡರಿಗೇ ಹತ್ತಿರದಲ್ಲಿ ಸೌರ ಫಲಕ ಹಾಕುವ ಕೆಲಸವನ್ನು ರಾಜ್ಯದಲ್ಲಿ ಕೈಗೊಳ್ಳಲಾಗಿದೆ. ಐದು ಅಶ್ವಶಕ್ತಿಯ ಪಂಪು ಏಳು ತಾಸಿಗೆ ಸುಮಾರು 32 ಯೂನಿಟ್ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ನಾಲ್ಕೈದು ಎಕರೆಯ ಒಂದು ಮೆಗಾವಾಟ್ ಸ್ಥಾವರ ಸುಮಾರು 130 ಪಂಪುಗಳ ದಿನದ ಪಾಲನ್ನು ಕೊಡುತ್ತದೆ. ವಿದ್ಯುತ್ತು ದೂರದಿಂದ ಬರಬೇಕಿಲ್ಲವಾದ್ದರಿಂದ ಮಾರ್ಗದ ನಷ್ಟ ಕಡಿಮೆ, ಕೊನೆಯ ಕಂಬದವರೆಗೂ ವೋಲ್ಟೇಜ್ ಸುಧಾರಿಸುತ್ತದೆ. ಫಲಕಗಳಿಗೆ ಊರಿನ ಗೋಮಾಳವನ್ನು ಆರಿಸುವ ಪ್ರಸ್ತಾಪ ಬಂದರೆ ದನಕರುಗಳು ಎಲ್ಲಿ ಮೇಯಬೇಕೆಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಕೇಳುವುದು ಒಳಿತು.

ರೈತರು ಮಾಡಬೇಕಾದುದು

ಕೊಳವೆ ಬಾವಿಯ ನೀರು ಸುಮಾರು 150 ಮೀಟರ್, ಅಂದರೆ 500 ಅಡಿ ಆಳದಿಂದ ಬರುತ್ತಿದ್ದರೆ ಸಾವಿರ ಲೀಟರಿಗೆ ಹೆಚ್ಚು ಕಡಿಮೆ ಒಂದು ಯೂನಿಟ್ ಬೇಕಾಗುತ್ತದೆ. ಏಳು ತಾಸಿಗೆ ಸುಮಾರು 30 ಸಾವಿರ ಲೀಟರ್. ಹನಿ ನೀರಾವರಿಯಲ್ಲಿ ದಿನಕ್ಕೆ 5 ಮಿಲಿಮೀಟರ್ ಬೇಡುವ ಟೊಮ್ಯಾಟೊ ಬೆಳೆಗಾದರೆ ಒಂದೂವರೆ ಎಕರೆಗೆ ಇದು ಸಾಲುತ್ತದೆ. ಇಷ್ಟೇ ನೀರನ್ನು ಹಿಡಿಸುವ ತೊಟ್ಟಿಯೊಂದನ್ನು ಎತ್ತರದ ಜಾಗದಲ್ಲಿ ಕಟ್ಟಿಕೊಂಡರೆ ಒಂದು ದಿನ ವಿದ್ಯುತ್ ಬಾರದಿದ್ದರೂ ಚಿಂತೆಯಿಲ್ಲ. ಹಗಲು ತುಂಬಿಕೊಂಡು ಸಂಜೆ ತಂಪಿನಲ್ಲಿ ಹಾಯಿಸಲೂಬಹುದು.

ಕೃಷಿ ಹೊಂಡವಿದ್ದವರು ಅದನ್ನೇ ಬಳಸಬಹುದು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ, ಬದಿಗಳು ಇಳಿಜಾರಾಗಿರುವ ಹೊಂಡದಲ್ಲಿ ಸುಮಾರು 9.8 ಲಕ್ಷ ಲೀಟರ್ ನಿಲ್ಲುತ್ತದೆ. ಮಳೆ ನೀರು ಹಿಡಿಯಲು ಇದು ಉತ್ತಮ. ಕೊಳವೆ ಬಾವಿಯ ನೀರನ್ನು ಇದಕ್ಕೆ ತುಂಬಿಸಿ ವಾರಗಟ್ಟಲೆ ಬಿಡುವುದು ಮಾತ್ರ ಜಾಣತನವಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ ಅಷ್ಟಗಲದ ನೀರಿನಿಂದ 2600 ಲೀಟರ್ ಗಾಳಿಗೆ ಹೋಗುತ್ತದೆ. ಎರಡು ಯೂನಿಟ್ಟಿಗಿಂತ ಹೆಚ್ಚು ಖರ್ಚು ಮಾಡಿ ಪಾತಾಳದಿಂದೆತ್ತಿದ ನೀರದು. ನೆರಳು ಬಲೆ ಹೊದಿಸಿದರೆ ಈ ನಷ್ಟ ಕಡಿಮೆಯಾಗುತ್ತದೆ. ಹಗಲು ಹೊತ್ತು ತುಂತುರು ನೀರಾವರಿ ಮಾಡುವವರು ಗಾಳಿ ಏಳುವ ಮುನ್ನ ಬೆಳಗಿನ ತಾಸುಗಳನ್ನೇ ಆರಿಸಿಕೊಳ್ಳಬೇಕು. ಹನಿ ನೀರಾವರಿಗೆ ಈ ತೊಂದರೆ ಅಷ್ಟಿಲ್ಲ.

ಅಂತರ್ಜಲದ ವಿಷಯದಲ್ಲಿ ಕಟುವಾಗಿಯೇ ಹೇಳಬೇಕಾಗುತ್ತದೆ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಬಿಸಿಲೂ ಉಚಿತ. ಹಗಲು ಸುಖವಾಗಿ ಗುಂಡಿ ಒತ್ತಿದರೆ ನೀರು ಬರುವಾಗ ನಿಲ್ಲಿಸುವ ಮನಸ್ಸು ಯಾರಿಗೂ ಬಾರದು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಈಗಾಗಲೇ ಎತ್ತಲಾಗುತ್ತಿದೆ. ವಿದ್ಯುತ್ತಿನ ಕಣಜ ತುಂಬಲು ಹೋಗಿ ನೆಲದಡಿಯ ಕಣಜವನ್ನು ಬರಿದು ಮಾಡಿದರೆ ಫೀಡರಿನಲ್ಲಿ ಎಷ್ಟು ವಿದ್ಯುತ್ತಿದ್ದರೂ ಪಂಪು ಎತ್ತುವುದು ಗಾಳಿಯನ್ನು. ನೀರಿನ ಅಳತೆ ಬೆಳೆಯ ಅಗತ್ಯಕ್ಕೆ ತಕ್ಕಂತಿರಬೇಕೇ ಹೊರತು ವಿದ್ಯುತ್ತಿನ ತಾಸಿಗೆ ತಕ್ಕಂತಲ್ಲ. ಮಣ್ಣನ್ನು ಒಂದು ಗೇಣು ಅಗೆದು ಮುಷ್ಟಿಯಲ್ಲಿ ಹಿಡಿದಾಗ ಉಂಡೆ ಕಟ್ಟುವಂತಿದ್ದರೆ ಆ ದಿನ ಪಂಪಿಗೆ ರಜೆ ಕೊಡಬಹುದು.

ಕೊನೆಯದಾಗಿ ಸ್ಟಾರ್ಟರಿನ ಸಂಗತಿ. ವಿದ್ಯುತ್ ಬಂದ ಕ್ಷಣವೇ ತಾನಾಗಿ ಚಾಲೂ ಆಗುವ ಆಟೋ ಸ್ಟಾರ್ಟರುಗಳನ್ನು ಬಹಳ ಜನ ಹಾಕಿಕೊಂಡಿದ್ದಾರೆ. ಮೋಟಾರನ್ನು ನೇರವಾಗಿ ಚಾಲೂ ಮಾಡುವಾಗ ಅದು ಎಂದಿಗಿಂತ ಐದಾರು ಪಟ್ಟು ಹೆಚ್ಚು ವಿದ್ಯುತ್ ಎಳೆಯುತ್ತದೆ. ಒಂದು ಟ್ರಾನ್ಸ್‌ಫಾರ್ಮರಿನ ಇಪ್ಪತ್ತು ಪಂಪುಗಳು ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ಮೋಟಾರಿನ ಸುರುಳಿ ಸುಡುತ್ತದೆ, ಟ್ರಾನ್ಸ್‌ಫಾರ್ಮರೂ ಉಳಿಯದು. ಅದನ್ನು ಬದಲಾಯಿಸುವವರೆಗೆ ಇಪ್ಪತ್ತು ಹೊಲಗಳೂ ಒಣಗಬೇಕು. ಸ್ಟಾರ್ಟರಿನಲ್ಲಿ ಟೈಮರ್ ಹಾಕಿಸಿ, ಒಂದೇ ಟ್ರಾನ್ಸ್‌ಫಾರ್ಮರಿನ ರೈತರೆಲ್ಲ ಕೂತು ಮಾತಾಡಿ, ಮೊದಲನೆಯವರದು ಒಂದು ನಿಮಿಷಕ್ಕೆ, ಎರಡನೆಯವರದು ಎರಡು ನಿಮಿಷಕ್ಕೆ ಎಂಬಂತೆ ಸರದಿ ಗೊತ್ತುಮಾಡಿಕೊಳ್ಳಬೇಕು. ಐದು ಅಶ್ವಶಕ್ತಿಯ ಮೋಟಾರಿಗೆ ಎರಡು ಕೆ.ವಿ.ಎ.ಆರ್. ಸಾಮರ್ಥ್ಯದ ಕೆಪಾಸಿಟರ್ ಜೋಡಿಸಿದರೆ ಮಾರ್ಗದ ಮೇಲಿನ ಹೊರೆ ಇನ್ನಷ್ಟು ಇಳಿಯುತ್ತದೆ. ಕೆಪಾಸಿಟರನ್ನು ಸ್ಟಾರ್ಟರಿನ ಮುಂದೆ ಹಾಕದೆ ಮೋಟಾರಿನ ಕಡೆಗೇ, ಮೋಟಾರಿನ ಜೊತೆ ಚಾಲೂ ಆಗಿ ಜೊತೆಗೇ ನಿಲ್ಲುವಂತೆ, ತಿಳಿದ ಕೆಲಸಗಾರನಿಂದ ಹಾಕಿಸತಕ್ಕದ್ದು.